ಜೋಡಿಹಳಿಯೂ ಕಾವಲಿನ ದಾರಿಯೂ

ಬಳ್ಳಾರಿಯಿಂದ ಚಿಕ್ಕಜಾಜೂರಿನವರೆಗಿನ 185 ಕಿಲೋಮೀಟರಿನ ರೈಲುಮಾರ್ಗಕ್ಕೆ ಎರಡನೆಯ ಹಳಿಯನ್ನು ಹಾಕಲು ಕೇಂದ್ರ ಸಚಿವ ಸಂಪುಟದ ಆರ್ಥಿಕ ವ್ಯವಹಾರಗಳ ಸಮಿತಿಯವರು 2025ನೆಯ ಇಸವಿಯ ಜೂನ್ 11ರಂದು ಸಮ್ಮತಿಯಿತ್ತ ಸಂಗತಿಯು ನಮ್ಮ ವಾಚಕರಿಗೆ ವಿದಿತವೇ ಇದೆ. ಇದರ ಅಂದಾಜು ವೆಚ್ಚವು 3,342 ಕೋಟಿ ರೂಪಾಯಿ. ಸಂಡೂರು ಸೀಮೆಯ ಅದಿರು, ತೋರಣಗಲ್ಲಿನ ಉಕ್ಕು, ಅಲ್ಲಿಗೆ ಬೇಕಾದ ಕಲ್ಲಿದ್ದಲು, ಗೊಬ್ಬರ, ಧಾನ್ಯ, ಇವೆಲ್ಲವೂ ಒಂಟಿ ಹಳಿಯ ಮೇಲೆ ಒಂದರ ದಾರಿಯನ್ನು ಮತ್ತೊಂದು ಕಾಯುತ್ತ ನಿಲ್ಲುವ ಕಷ್ಟವು ಇದರಿಂದ ತಪ್ಪುವುದು. ಸರಕು ಲಾರಿಯನ್ನು ಬಿಟ್ಟು ಗೂಡ್ಸ್ ಗಾಡಿಯನ್ನು ಹತ್ತುವುದು ದೇಶಕ್ಕೆ ಹಿತವೆಂಬುದರಲ್ಲಿ ಎರಡು ಮಾತಿಲ್ಲ. ಅದಿರಿನ ಲಾರಿಗಳು ಬಳ್ಳಾರಿಯ ಸುತ್ತಲಿನ ರಸ್ತೆಗಳನ್ನು ಯಾವ ಸ್ಥಿತಿಗೆ ತಂದಿಟ್ಟಿದ್ದುವೆಂಬುದನ್ನು ಆ ಕಡೆ ಒಮ್ಮೆ ಪ್ರಯಾಣ ಮಾಡಿದವರು ಮರೆಯಲಾರರು.

ಆದಕಾರಣ ಈ ಕಾರ್ಯವನ್ನು ನಾವು ಮನಃಪೂರ್ವಕವಾಗಿ ಸ್ವಾಗತಿಸುತ್ತೇವೆ. ನಮ್ಮ ಚಿಂತೆಯೆಲ್ಲ ಹಳಿಯನ್ನು ಅಡ್ಡಹಾಯಬೇಕಾದವರನ್ನು ಕುರಿತದ್ದು. ಈ ಮಾರ್ಗವು ಹೊಳಲ್ಕೆರೆ, ಚಿತ್ರದುರ್ಗ, ಚಳ್ಳಕೆರೆ, ತಳಕು, ಮೊಳಕಾಲ್ಮೂರು, ರಾಯದುರ್ಗಗಳ ಸೀಮೆಯನ್ನು ಸೀಳಿಕೊಂಡು ಹೋಗುತ್ತದೆ. ಗೂಡ್ಸ್ ಗಾಡಿಗಳ ಸಂಖ್ಯೆ ಹೆಚ್ಚಿದಷ್ಟೂ ಗೇಟುಗಳು ಮುಚ್ಚಿರುವ ಹೊತ್ತು ಹೆಚ್ಚುವುದು. ಆಗ ಚಳ್ಳಕೆರೆಯ ಎಣ್ಣೆಗಿರಣಿಗೆ ಶೇಂಗಾ ತರುವ ರೈತನೂ, ಮೊಳಕಾಲ್ಮೂರಿನ ಸೀರೆಯ ಗಂಟನ್ನು ಹೊತ್ತ ನೇಕಾರನೂ, ಆಸ್ಪತ್ರೆಗೆ ಧಾವಿಸುವ ರೋಗಿಯೂ ಒಂದೇ ಗೇಟಿನ ಮುಂದೆ ನಿಲ್ಲಬೇಕಾಗುವುದು. ಇದಕ್ಕೆ ಮೇಲ್ಸೇತುವೆಯೇ ಪರಿಹಾರವೆಂದು ಎಲ್ಲರೂ ಹೇಳುವರು. ಆ ಸೇತುವೆ ಎಲ್ಲಿ, ಎಂದು, ಯಾರ ಹಣದಿಂದ ಎಂಬಲ್ಲಿಗೆ ಬಂದಾಗ ಎಲ್ಲರೂ ಮೌನ ತಾಳುವರು.

ಯಾವ ಗೇಟಿಗೆ ಮೇಲ್ಸೇತುವೆ ಬೇಕೆಂಬುದನ್ನು ರೈಲ್ವೆಯವರು ನಿರ್ಣಯಿಸುವುದು ಒಂದು ಗುಣಾಕಾರದಿಂದ. ಹಗಲಿರುಳು ಸೇರಿ ಗೇಟನ್ನು ಹಾಯುವ ರೈಲುಗಳ ಸಂಖ್ಯೆಯನ್ನು ರಸ್ತೆಯ ವಾಹನಗಳ ಸಂಖ್ಯೆಯಿಂದ ಗುಣಿಸುವರು. ಬಂದ ಮೊತ್ತವು 1 ಲಕ್ಷವನ್ನು ಮುಟ್ಟಿದರೆ ವೆಚ್ಚವನ್ನು ರೈಲ್ವೆಯವರೂ ರಾಜ್ಯ ಸರಕಾರದವರೂ ಸಮಪಾಲಾಗಿ ಹೊರುವುದು ಬಹುಕಾಲದ ಪದ್ಧತಿ. ಉದಾಹರಣೆಗಾಗಿ, ದಿನಕ್ಕೆ 20 ರೈಲುಗಳೂ 4,000 ವಾಹನಗಳೂ ಹಾಯುವ ಗೇಟೊಂದನ್ನು ಊಹಿಸೋಣ. ಗಣನೆಯು 80 ಸಾವಿರವಾಗುವುದರಿಂದ ಅದಕ್ಕೆ ಸೇತುವೆಯ ಅರ್ಹತೆಯಿಲ್ಲ. ಜೋಡಿಹಳಿಯಾಗಿ ರೈಲುಗಳು 30 ಆದುವೆಂದರೆ, ರಸ್ತೆಯಲ್ಲಿ ಒಂದು ಬಂಡಿಯೂ ಹೆಚ್ಚದಿದ್ದರೂ ಗಣನೆಯು 1 ಲಕ್ಷದ 20 ಸಾವಿರಕ್ಕೆ ಏರುವುದು. ಇಂದು ಅರ್ಹತೆಯಿಲ್ಲದ ಗೇಟುಗಳಲ್ಲಿ ಕೆಲವಾದರೂ ಹಳಿಯ ಕೆಲಸ ಮುಗಿದ ಮರುದಿನವೇ ಅರ್ಹವಾಗುವುವೆಂಬುದು ಇದರಿಂದ ಸ್ಪಷ್ಟ. ಹಾಗಿರುವಾಗ ಹಳೆಯ ಗಣನೆಯನ್ನು ಹಿಡಿದು ನಕಾಶೆ ಬರೆದು, ಹಳಿ ಹಾಕಿ, ಅನಂತರ ಹೊಸ ಗಣನೆ ಮಾಡಿ, ಹೊಸ ಅರ್ಜಿ ಬರೆದು, ಓಡುವ ಎರಡು ಹಳಿಗಳ ಮೇಲೆ ತೊಲೆಗಳನ್ನು ಏರಿಸುವುದು ಬುದ್ಧಿವಂತಿಕೆಯಲ್ಲ. ಮುಂದೆ ಬರಲಿರುವ ರೈಲುಗಳನ್ನೇ ಈಗಿನ ಲೆಕ್ಕಕ್ಕೆ ಹಿಡಿಯಬೇಕು.

ರಸ್ತೆಯ ಸಂಚಾರವಾದರೂ ನಿಂತಲ್ಲಿ ನಿಂತಿಲ್ಲ. ನಾಯಕನಹಟ್ಟಿಯ ಹತ್ತಿರದ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದೆ. ವರವು ಕಾವಲಿನಲ್ಲಿ 2017ರಿಂದ ರಕ್ಷಣಾ ಸಂಶೋಧನೆಯವರ ವಿಮಾನ ಪರೀಕ್ಷಾ ಕ್ಷೇತ್ರವು ನಡೆಯುತ್ತಿದೆ. ಇಸ್ರೋದವರ ಮರುಬಳಕೆಯ ವಾಹಕವು 2023ರಲ್ಲಿಯೂ 2024ರಲ್ಲಿಯೂ ಇಳಿದದ್ದು ಅಲ್ಲಿಯೇ. ಉಳ್ಳಾರ್ತಿ ಕಾವಲಿನ ನೆಲದಲ್ಲಿ ಚಂದ್ರನ ಕುಳಿಗಳನ್ನು ಹೋಲುವ ಹಳ್ಳಗಳನ್ನು ತೋಡಿ ಚಂದ್ರಯಾನದ ಯಂತ್ರಗಳನ್ನು ಪರೀಕ್ಷಿಸಿದರು. ಚಂದ್ರನ ಮೇಲೆ ಇಳಿಯುವುದನ್ನು ಅಭ್ಯಾಸ ಮಾಡಿಸಿದ ಸೀಮೆಯಲ್ಲಿ ರೈಲುಗೇಟನ್ನು ದಾಟುವುದೇ ದೊಡ್ಡ ಸಾಹಸವಾಗಬಾರದು.

ಅಂಥ ಸಂಸ್ಥೆಗಳ ಭಾರದ ಯಂತ್ರಗಳನ್ನು ಹೊತ್ತ ಲಾರಿಗಳಿಗೆ ಮೇಲ್ಸೇತುವೆ ಅನುಕೂಲ. ಕುರಿಮಂದೆಗೆ ಅದು ಅನುಕೂಲವಲ್ಲ. ಮೇಲೆ ಹೇಳಿದ ಗುಣಾಕಾರದಲ್ಲಿ ಮೋಟಾರಿಗೆ ಒಂದು ಅಂಕವಿದೆ, ಎತ್ತಿನ ಬಂಡಿಗೂ ಒಂದು ಇದೆ, ಮೋಟಾರ್ ಸೈಕಲಿಗೆ ಕಾಲು ಅಂಕವಾದರೂ ಇದೆ, ಕುರಿಮಂದೆಗೆ ಸೊನ್ನೆ. ಕಂಬಳಿಗೆ ಹೆಸರಾದ ಚಳ್ಳಕೆರೆಯಲ್ಲಿ, ಅಮೃತಮಹಲ್ ದನಗಳ ಕಾವಲುಗಳು ಹಬ್ಬಿದ ನೆಲದಲ್ಲಿ, ಮ್ಯಾಸಬೇಡರು ದೇವರ ಎತ್ತುಗಳನ್ನು ಮೇಯಿಸುತ್ತ ಸಂಚರಿಸುವ ಹಟ್ಟಿಗಳ ನಡುವೆ ಈ ಸೊನ್ನೆಯು ಎಷ್ಟು ದೊಡ್ಡ ಅನ್ಯಾಯವೆಂಬುದನ್ನು ವಿವರಿಸಬೇಕಾಗಿಲ್ಲ. ಇವರಿಗೆ ಬೇಕಾದುದು ಅಗಲವಾದ, ತಗ್ಗಿಲ್ಲದ, ನೀರು ನಿಲ್ಲದ ಕೆಳದಾರಿ. ನಾಡಿನಲ್ಲಿಯೇ ಅತ್ಯಲ್ಪ ಮಳೆಯ ಸೀಮೆಯಲ್ಲಿ ನೀರಿನ ಭಯವೇಕೆಂದು ಇಂಜಿನಿಯರರು ಕೇಳಬಹುದು. ಇಲ್ಲಿ ವರ್ಷದ ಮಳೆಯು ಕೆಲವೇ ದಿನಗಳಲ್ಲಿ ಸುರಿದುಬಿಡುವುದುಂಟು. ಅಂಥ ದಿನ ಕೆಳದಾರಿಯೇ ಕೆರೆಯಾಗುವುದು.

ಇನ್ನು ಸರಕಿನ ಗಾಡಿಗಳಿಗೆ ಊರ ಹೊರಗೆ ಬೇರೆ ಸುತ್ತುಹಳಿ ಬೇಕೆಂಬ ವಿಚಾರ. ಹಳೆಯ ಹಳಿಯ ಪಕ್ಕದಲ್ಲಿಯೇ ಹೊಸದನ್ನು ಹಾಕಿದ ಮೇಲೆ ಅದನ್ನು ಊರಿನಿಂದಾಚೆ ಸರಿಸುವವರಾರೂ ಇಲ್ಲ; ಆದ್ದರಿಂದ ಚಿತ್ರದುರ್ಗ, ಚಳ್ಳಕೆರೆಗಳಂಥ ಬೆಳೆಯುವ ಪಟ್ಟಣಗಳ ವಿಷಯದಲ್ಲಿ ಈ ಪ್ರಶ್ನೆಯನ್ನು ಈಗಲೇ ಪರೀಕ್ಷಿಸುವುದು ಉಚಿತ. ಆದರೆ ನಮಗೆ ಒಂದು ಶಂಕೆಯುಂಟು. ಸುತ್ತುಹಳಿಗೆ ಗೆರೆಯೆಳೆಯುವ ಕೈ ಸಹಜವಾಗಿಯೇ ನಕಾಶೆಯಲ್ಲಿ ಖಾಲಿಯಾಗಿ ಕಾಣುವ ಜಾಗದತ್ತ ಹರಿಯುವುದು, ಮತ್ತು ಈ ತಾಲ್ಲೂಕಿನಲ್ಲಿ ಖಾಲಿಯಾಗಿ ಕಾಣುವುದು ಕಾವಲೇ. 2009ರಿಂದೀಚೆಗೆ ಕುದಾಪುರ, ವರವು, ಉಳ್ಳಾರ್ತಿಗಳ ಸುತ್ತ 9,000 ಎಕರೆಗೆ ಮೀರಿದ ಹುಲ್ಲುಗಾವಲನ್ನು ಸಂಸ್ಥೆಗಳಿಗೆ ಕೊಟ್ಟಾಗ ಹಳ್ಳಿಗರ ದೂರು ವಿಜ್ಞಾನದ ಮೇಲೆ ಇರಲಿಲ್ಲ. ತಮ್ಮನ್ನು ಮೊದಲು ಕೇಳಲಿಲ್ಲವೆಂಬುದೇ ಅವರ ಸಂಕಟವಾಗಿತ್ತು. ವ್ಯಾಜ್ಯವು ಹಸಿರು ನ್ಯಾಯಮಂಡಲಿಯ ಮೆಟ್ಟಿಲೇರಿ 2014ರ ತೀರ್ಪಿನವರೆಗೆ ನಡೆಯಿತು. ಉಳಿದ ಕಾವಲಿನ ಮೇಲೆ ಇನ್ನೊಂದು ಬೇಲಿಯನ್ನು ಕಟ್ಟುವ ಸುತ್ತುಹಳಿಗಿಂತ, ಈಗಿನ ದಾರಿಯಲ್ಲಿಯೇ ಸಾಕಷ್ಟು ಸೇತುವೆಗಳನ್ನು ಕಟ್ಟುವುದೇ ಮೇಲೆಂದು ನಮ್ಮ ಮತ.

ಈ ಜಿಲ್ಲೆಯ ಜನರು ರೈಲಿನ ವಿಷಯದಲ್ಲಿ ತಾಳ್ಮೆಗೆಟ್ಟವರೇನೂ ಅಲ್ಲ. 2011–12ರ ಮುಂಗಡಪತ್ರದಲ್ಲಿ ಸೇರಿದ ತುಮಕೂರು–ಚಿತ್ರದುರ್ಗ–ದಾವಣಗೆರೆ ನೇರಮಾರ್ಗವು ಭೂಸ್ವಾಧೀನದ ತೊಡಕಿನಲ್ಲಿ ಎಷ್ಟು ವರ್ಷ ಸಿಕ್ಕಿಕೊಂಡಿತೆಂಬುದನ್ನು ಅವರು ಕಂಡಿದ್ದಾರೆ. ರೈಲ್ವೆಯವರು ರಾಜ್ಯದವರ ಕಡೆಗೂ, ರಾಜ್ಯದವರು ರೈಲ್ವೆಯವರ ಕಡೆಗೂ ಬೆರಳು ತೋರಿದರೆ ಕಾಲ ಕಳೆಯುವುದಲ್ಲದೆ ಕಾರ್ಯವಾಗದು. ಲೋಕೋಪಯೋಗಿ ಇಲಾಖೆಯವರೂ ರೈಲ್ವೆಯವರೂ ಒಂದೇ ನಕಾಶೆಯ ಮುಂದೆ ಕುಳಿತು, ಗೇಟುಗೇಟಿಗೂ ಮೇಲ್ಸೇತುವೆಯೋ ಕೆಳದಾರಿಯೋ ಎಂಬುದನ್ನು ಬರೆದು, ಅದನ್ನು ಕನ್ನಡದಲ್ಲಿ ಅಚ್ಚುಮಾಡಿಸಿ, ಭೂಸ್ವಾಧೀನದ ನೋಟೀಸಿಗೆ ಮೊದಲೇ ತಳಕು, ನಾಯಕನಹಟ್ಟಿ ಮೊದಲಾದ ಪಂಚಾಯಿತಿಗಳ ಬಾಗಿಲಿಗೆ ಹಚ್ಚಲಿ. ಸಂಚಾರದ ಗಣನೆಯನ್ನು ಕಚೇರಿಗೆ ಬಿಡುವಾದಾಗ ಮಾಡಿ ಮುಗಿಸಬಾರದು. ಲಕ್ಷಾಂತರ ಜನರು ಕೂಡುವ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಜಾತ್ರೆಯ ಕಾಲಕ್ಕೆ ಒಮ್ಮೆ, ಶೇಂಗಾ ಒಕ್ಕಣೆಯಾಗಿ ಗಿರಣಿಗಳಿಗೆ ಹರಿದುಬರುವ ತಿಂಗಳಲ್ಲಿ ಮತ್ತೊಮ್ಮೆ ಗೇಟಿನ ಬಳಿ ಎಣಿಸುವವರನ್ನು ಕೂಡಿಸಲಿ. ಅವರ ಕೈಯಲ್ಲಿರುವ ಪಟ್ಟಿಯಲ್ಲಿ ಕುರಿಗೂ ದನಕ್ಕೂ ಒಂದು ಅಂಕಣವಿರಲಿ.