ಕ್ಯಾಥೆಟರ್ ತೆಗೆದ ಮೇಲೆ
ಪ್ರಾಸ್ಟೇಟ್ ಕ್ಯಾನ್ಸರಿಗೆ ಗ್ರಂಥಿಯನ್ನೇ ತೆಗೆಸಿಕೊಂಡ ಗಂಡಸರಿಗೆ ಮೂತ್ರ ಹೊರಹೋಗಲು ಹಾಕಿದ್ದ ಕೊಳವೆ, ಅಂದರೆ ಕ್ಯಾಥೆಟರ್, ಕಳಚಿದ ದಿನದಿಂದ ಇನ್ನೊಂದು ಸಂಕಟ ಶುರುವಾಗುತ್ತದೆ. ಕೆಮ್ಮಿದರೆ, ಸೀನಿದರೆ, ಕುರ್ಚಿಯಿಂದ ಎದ್ದರೆ ಮೂತ್ರ ಸೋರುತ್ತದೆ. ಮದುವೆಮನೆ, ದೇವಸ್ಥಾನ, ದೂರದ ಬಸ್ ಪ್ರಯಾಣ ಎಲ್ಲ ನಿಂತುಹೋಗುತ್ತದೆ. ಹೆಂಡತಿಗೆ ಹೇಳಲೂ ಸಂಕೋಚ. ಮೂತ್ರವನ್ನು ತಡೆದು ಹಿಡಿಯುವ ಸ್ನಾಯುಗಳು ಎರಡು. ಆಪರೇಷನ್ನಿನಲ್ಲಿ ಒಳಗಿನದಕ್ಕೆ ಪೆಟ್ಟು ಬೀಳುತ್ತದೆ, ಅಲ್ಲಿಂದ ಹೊರಗಿನದೊಂದೇ ಇಡೀ ಭಾರ ಹೊರಬೇಕು. ಅಮೆರಿಕದ ಸ್ತ್ರೀರೋಗತಜ್ಞ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಬಾಣಂತಿಯರಿಗಾಗಿ ಬರೆದ ವ್ಯಾಯಾಮವೇ ಇಂದು ಆ ಹೊರಸ್ನಾಯುವಿಗೆ ಬಲ ಕೊಟ್ಟು ಈ ಗಂಡಸರ ಕೈ ಹಿಡಿಯುತ್ತಿದೆ. ಗಾಳಿ ಹೋಗದಂತೆ ತಡೆಯುವಾಗ ಬಿಗಿಯುವ ಸ್ನಾಯುವನ್ನು ಐದು ಸೆಕೆಂಡು ಬಿಗಿಹಿಡಿದು, ಅಷ್ಟೇ ಹೊತ್ತು ಸಡಿಲ ಬಿಡಬೇಕು. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಉಸಿರು ಕಟ್ಟಬಾರದು, ಹೊಟ್ಟೆ ಬಿಗಿಯಬಾರದು. ಕ್ಯಾಥೆಟರ್ ಇರುವಾಗ ಮಾತ್ರ ಇದು ಬೇಡ. ಸಂಜೆ ಹೊತ್ತಿಗೆ ಸ್ನಾಯು ದಣಿದು ಸೋರಿಕೆ ಹೆಚ್ಚಿದರೆ ಎದೆಗುಂದಬೇಕಿಲ್ಲ. ಹೆದರಿ ನೀರು ಕುಡಿಯುವುದನ್ನೇ ಬಿಡುವವರಿದ್ದಾರೆ, ಅದು ದೊಡ್ಡ ತಪ್ಪು: ಗಟ್ಟಿಯಾದ ಮೂತ್ರ ಮೂತ್ರಕೋಶವನ್ನು ಇನ್ನಷ್ಟು ಕೆರಳಿಸುತ್ತದೆ. ಕಡಿಮೆ ಮಾಡಬೇಕಾದದ್ದು ಕಾಫಿ, ಟೀ. ಹೆಚ್ಚಿನವರಿಗೆ ಮೂರು ತಿಂಗಳಿಂದ ಒಂದು ವರ್ಷದೊಳಗೆ ಹಿಡಿತ ಮರಳುತ್ತದೆ. ಆಮೇಲೂ ತೊಂದರೆ ಉಳಿದವರಿಗೆ ಮೂತ್ರನಾಳಕ್ಕೆ ಆಸರೆ ಕೊಡುವ ಪಟ್ಟಿ, ಅಂದರೆ ಸ್ಲಿಂಗ್, ಇದೆ, 1970ರ ದಶಕದಿಂದ ಬಳಕೆಯಲ್ಲಿರುವ ಕೃತಕ ಕವಾಟವೂ ಇದೆ. ಇದನ್ನೆಲ್ಲ ನಮ್ಮಲ್ಲಿ ಆಪರೇಷನ್ ಮುಗಿದ ಮೇಲೆ, ಅದೂ ಕೇಳಿದವರಿಗಷ್ಟೇ ಹೇಳುವುದು ನನಗೆ ಸಹಿಸಲಾಗದ ಸಂಗತಿ. ದಯವಿಟ್ಟು ಆಪರೇಷನ್ನಿಗೆ ಮೊದಲೇ ವೈದ್ಯರನ್ನು ಕೇಳಿ, ಫಿಸಿಯೊಥೆರಪಿಸ್ಟ್ ಬಳಿ ಈ ವ್ಯಾಯಾಮ ಕಲಿತುಕೊಳ್ಳಿ.