ಯಂತ್ರದ ತೋಳು, ಮನುಷ್ಯರ ಮಾತು

‘ಸಾರ್, ಈಗ ಆಪರೇಷನ್ನನ್ನು ರೋಬೋಟೇ ಮಾಡುತ್ತದಂತೆ, ನಿಜವೆ?’ ಎಂದು ದೇವದುರ್ಗದ ಕಡೆಯ ವಿದ್ಯಾರ್ಥಿಯೊಬ್ಬ ಕೇಳಿದ. ಅವನ ಮನೆಯ ಹಿರಿಯರೊಬ್ಬರನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ಯುವ ಮಾತು ನಡೆದಿತ್ತು. ಪ್ರಾಯದ ಹುಡುಗನ ಮುಖದಲ್ಲಿ ಕುತೂಹಲಕ್ಕಿಂತ ಭೀತಿಯೇ ಹೆಚ್ಚಾಗಿತ್ತು. ಛಂದಸ್ಸು ಹೇಳಿಕೊಡುವವನನ್ನು ಈ ಪ್ರಶ್ನೆ ಕೇಳುವುದೇ ಎಂದು ವಾಚಕರು ನಗಬಹುದು. ಆದರೆ ಓದಿ ತಿಳಿಯುತ್ತ ಹೋದಂತೆ, ಈ ವಿಷಯದಲ್ಲಿ ಭಾಷೆಯನ್ನು ಓದಿದವನಿಗೂ ಒಂದಿಷ್ಟು ಕೆಲಸವಿದೆಯೆಂದು ನನಗೆ ತೋರಿತು.

‘ರೋಬೋಟ್’ ಎಂಬ ಶಬ್ದವು ಚೆಕ್ ನಾಟಕಕಾರ ಕಾರೆಲ್ ಚಾಪೆಕ್ 1920ರಲ್ಲಿ ಬರೆದ ನಾಟಕದಿಂದ ಬಂದುದು. ಅದರ ಮೂಲದಲ್ಲಿರುವ ಅರ್ಥ ಬಿಟ್ಟಿಯ ದುಡಿಮೆ. ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ಅದು ಇಂದಿಗೂ ಬಿಟ್ಟಿಯಾಳೇ ಆಗಿದೆ. ಅಮೆರಿಕದಲ್ಲಿ 2000ದಲ್ಲಿ ಅನುಮತಿ ಪಡೆದ ‘ಡಾ ವಿಂಚಿ’ ಯಂತ್ರವಾಗಲಿ, ನಮ್ಮ ದೇಶದಲ್ಲಿಯೇ ತಯಾರಾಗುವ ‘ಮಂತ್ರ’ ಯಂತ್ರವಾಗಲಿ, ತಾನಾಗಿ ಒಂದು ಹೊಲಿಗೆಯನ್ನೂ ಹಾಕದು. ವೈದ್ಯರು ಕೈಬೆರಳುಗಳನ್ನು ಹೇಗೆ ಆಡಿಸುತ್ತಾರೋ ಹಾಗೆ ಅದರ ತೋಳುಗಳು ರೋಗಿಯ ಒಡಲಿನೊಳಗೆ ಆಡುತ್ತವೆ. ಸಣ್ಣ ರಂಧ್ರಗಳಷ್ಟೇ ಸಾಕು. ಹರಿಯುವ ರಕ್ತವೂ ಕಡಿಮೆ, ಚೇತರಿಕೆಯೂ ಬೇಗ. ಬೆಂಗಳೂರಿನ ಕಿದ್ವಾಯಿ ಗಂಥಿ ಸಂಸ್ಥೆಯಂಥ ಸರ್ಕಾರಿ ಆಸ್ಪತ್ರೆಯಲ್ಲಿಯೂ ಇಂಥ ಚಿಕಿತ್ಸೆ ನಡೆಯುತ್ತದೆ.

ಆದರೆ ಈ ವ್ಯವಸ್ಥೆಯಲ್ಲಿ ಒಂದು ವಿಚಿತ್ರವಿದೆ. ಹಿಂದೆ ವೈದ್ಯರು ರೋಗಿಯ ಮಗ್ಗುಲಿನಲ್ಲಿ ನಿಲ್ಲುತ್ತಿದ್ದರು. ಎದುರಿಗೆ ಸಹಾಯಕ, ಪಕ್ಕದಲ್ಲಿ ದಾದಿ, ತಲೆಯ ಕಡೆಗೆ ಅರಿವಳಿಕೆಯ ವೈದ್ಯ. ಮುಖಕ್ಕೆ ಬಟ್ಟೆ ಕಟ್ಟಿದ್ದರೂ ಕಣ್ಣುಗಳಿದ್ದವು. ಹುಬ್ಬು ಗಂಟಿಕ್ಕಿದರೆ ದಾದಿಗೆ ಅರ್ಥವಾಗುತ್ತಿತ್ತು. ಕೈ ಚಾಚಿದರೆ ಬೇಕಾದ ಉಪಕರಣವು ಅಂಗೈಗೆ ಬಂದು ಬೀಳುತ್ತಿತ್ತು. ಈಗಲಾದರೋ, ಬಹುಮಟ್ಟಿನ ಯಂತ್ರಗಳಲ್ಲಿ, ವೈದ್ಯರು ಕೆಲವು ಅಡಿಗಳಾಚೆ ಪೀಠವೊಂದರಲ್ಲಿ ಕುಳಿತು ನೋಟದ ಪೆಟ್ಟಿಗೆಯೊಳಗೆ ಮುಖವನ್ನು ಹುದುಗಿಸುತ್ತಾರೆ. ಹತ್ತು ಪಾಲು ಹಿಗ್ಗಿದ ಚಿತ್ರವು ಅವರಿಗೆ ಕಾಣುತ್ತದೆ; ಕೊಠಡಿ ಕಾಣುವುದಿಲ್ಲ. ಕೊಠಡಿಯವರಿಗೆ ಅವರ ಬೆನ್ನು ಕಾಣುತ್ತದೆ, ಮುಖ ಕಾಣುವುದಿಲ್ಲ. ಉಳಿದ ಸೇತುವೆ ಧ್ವನಿವರ್ಧಕದಿಂದ ಹೊರಡುವ ಮಾತೊಂದೇ.

ಅಲ್ಲಿಗೆ ನಮ್ಮ ವ್ಯಾಕರಣಕ್ಕೆ ಪರೀಕ್ಷೆ ಒದಗಿತು! ಮನೆಯಲ್ಲಿ ನಾವು ‘ಅದನ್ನು ಇಲ್ಲಿ ಕೊಡು, ಸ್ವಲ್ಪ ಹೀಗೆ ಹಿಡಿ’ ಎಂದು ನಿಶ್ಚಿಂತೆಯಿಂದ ಹೇಳುತ್ತೇವೆ. ಇಂಥ ಮಾತಿಗೆ ಬೆರಳೇ ನಿಘಂಟು. ಬೆರಳು ಕಾಣದೆಡೆಯಲ್ಲಿ ‘ಅದು’, ‘ಇಲ್ಲಿ’, ‘ಹೀಗೆ’ ಎಂಬುವು ಬರಿದಾದ ಚೀಲಗಳು. ‘ಎಡಕ್ಕೆ ಎಳೆ’ ಎಂದರೆ ಯಾರ ಎಡಕ್ಕೆ? ರೋಗಿಯ ಎಡ ಒಂದು, ಪರದೆಯ ಎಡ ಇನ್ನೊಂದು, ಮಗ್ಗುಲಲ್ಲಿ ನಿಂತ ಸಹಾಯಕನ ಎಡ ಮತ್ತೊಂದು. ಹಗ್ಗ ಎಳೆಯುವಾಗ ಈ ಗೊಂದಲ ವಿನೋದ. ರಕ್ತನಾಳದ ಪಕ್ಕದಲ್ಲಿ ವಿನೋದವಲ್ಲ. ಯಂತ್ರದ ತೋಳಿಗೆ ತಾಕಿದುದರ ಮೆದು-ಬಿಗಿಗಳು ಹಳೆಯ ಮಾದರಿಗಳಲ್ಲಿ ವೈದ್ಯರ ಕೈಗೆ ತಿಳಿಯುವುದೇ ಇಲ್ಲ; 2024ರಲ್ಲಿ ಬಂದ ‘ಡಾ ವಿಂಚಿ’ಯ ಹೊಸ ಮಾದರಿಯಲ್ಲಿ ಮಾತ್ರ ಆ ಅರಿವು ಒಂದಿಷ್ಟು ದೊರೆಯುತ್ತದೆ. ಹೊರಗೆ ತೋಳು ರೋಗಿಯ ದೇಹಕ್ಕೆ ಒತ್ತುತ್ತಿದೆಯೆಂದರೆ ಪಕ್ಕದಲ್ಲಿ ನಿಂತವರು ಬಾಯಿಬಿಟ್ಟು ಹೇಳಬೇಕು.

ಹೇಳುವರೆ? ಇದು ಕಠಿನವಾದ ಪ್ರಶ್ನೆ. ಮಾನ್ವಿಯ ಹಳ್ಳಿಯೊಂದರಿಂದ ಬಂದು ದಾದಿಯಾದ ಹುಡುಗಿ, ಹಿರಿಯರ ಮುಂದೆ ದನಿಯೆತ್ತಬಾರದೆಂದು ಕಲಿತು ಬೆಳೆದವಳು, ‘ಸಾರ್, ಒಂದು ಕ್ಷಣ ನಿಲ್ಲಿಸಿ’ ಎನ್ನಬೇಕು. ಎಂದಾಗ ಆ ಬೆನ್ನು ಸಿಡುಕಿದರೆ, ಮುಂದಿನ ಸಲ ಅವಳು ಸುಮ್ಮನಿರುತ್ತಾಳೆ. ರಕ್ತಸ್ರಾವ ಕೈಮೀರಿದಾಗ ಯಂತ್ರದ ತೋಳುಗಳನ್ನು ಕಳಚಿ, ಬಂಡಿಯನ್ನು ಹಿಂದಕ್ಕೆ ಸರಿಸಿ, ಹೊಟ್ಟೆಯನ್ನು ತೆರೆಯಬೇಕಾಗುತ್ತದೆ. ಯಾರು ಕಳಚುವವರು, ಯಾರು ಸರಿಸುವವರು, ರಕ್ತ ತರಿಸುವವರು ಯಾರು ಎಂಬುದನ್ನು ಆ ಗಳಿಗೆಯಲ್ಲಿ ಚರ್ಚಿಸಲಾಗದು. ಆದುದರಿಂದಲೇ ಬಲ್ಲ ತಂಡಗಳು ಇದನ್ನು ನಾಟಕದ ತಾಲೀಮಿನಂತೆ ಮುಂಚೆಯೇ ಅಭ್ಯಾಸ ಮಾಡುತ್ತವೆ. ‘ಯಾರಾದರೂ ಕೊಡಿ’ ಎನ್ನದೆ ಹೆಸರು ಹಿಡಿದು ಕೇಳುವುದು, ಕೇಳಿಸಿಕೊಂಡವರು ಅದೇ ಮಾತನ್ನು ತಿರುಗಿ ನುಡಿದು ‘ಆಯಿತು’ ಎನ್ನುವುದು — ಇವು ಅವರ ಶಿಸ್ತು.

ರಾಯಚೂರಿನ ಕೋಟೆಗೋಡೆಯಲ್ಲಿ 40 ಅಡಿಗೂ ಮಿಕ್ಕ ಉದ್ದದ ಕಲ್ಲೊಂದಿದೆ. 1294ರ ಶಾಸನ ಅದರ ಮೇಲಿದೆ. ಆ ಕಲ್ಲನ್ನು ಬಂಡಿಯ ಮೇಲೆ ಸಾಗಿಸಿದ ರೀತಿಯನ್ನು ಸಮೀಪದಲ್ಲಿಯೇ ರೇಖೆಗಳಲ್ಲಿ ಕೊರೆದಿದ್ದಾರೆ: ದನಗಳ ಉದ್ದನೆಯ ಸಾಲು, ಅವನ್ನು ಹುರಿದುಂಬಿಸುವವರು, ಗಾಲಿಗೆ ಮರದ ಸನ್ನೆ ಕೊಡುವವರು. ಕಲ್ಲು ಬಿದ್ದ ಮೇಲೆ ಸನ್ನೆಯವನು ಎಚ್ಚರಿಸಿ ಫಲವೇನು? ನಮ್ಮೂರಿನವರೇ ಅನೇಕರು ಈ ಚಿತ್ರವನ್ನು ನೋಡದೆ ಬಸ್ಸು ಹಿಡಿಯುತ್ತಾರೆ, ಇರಲಿ.

ಸ್ಕಾಟ್ಲೆಂಡಿನ ಅಬರ್ಡೀನಿನ ವಿದ್ವಾಂಸರು ಶಸ್ತ್ರವೈದ್ಯರ ಈ ಬಗೆಯ ಗುಣಗಳನ್ನು ಅಳೆಯಲು ಒಂದು ಪದ್ಧತಿಯನ್ನೇ ರಚಿಸಿದ್ದಾರೆ. ಸುತ್ತಲಿನ ಅರಿವು, ನಿರ್ಧಾರ, ಸಂವಹನ ಮತ್ತು ಸಹಕಾರ, ಮುಂದಾಳುತನ ಎಂದು ಅದರಲ್ಲಿ ನಾಲ್ಕು ವಿಭಾಗಗಳು. ವಿಶ್ವ ಆರೋಗ್ಯ ಸಂಸ್ಥೆಯು 2008ರಲ್ಲಿ ಹೊರತಂದ ಸುರಕ್ಷತಾ ಪಟ್ಟಿಯಲ್ಲಿ, ಕತ್ತರಿಸುವ ಮುನ್ನ ಪ್ರತಿಯೊಬ್ಬರೂ ತಮ್ಮ ಹೆಸರನ್ನೂ ಕೆಲಸವನ್ನೂ ಹೇಳಿಕೊಳ್ಳಬೇಕೆಂಬ ವಿಧಿಯಿದೆ. ದೆಹಲಿಯೂ ಸೇರಿದಂತೆ 8 ನಗರಗಳ ಆಸ್ಪತ್ರೆಗಳಲ್ಲಿ ಪಟ್ಟಿಯನ್ನು ಬಳಸಿ ನೋಡಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಸಾವಿನ ಪ್ರಮಾಣ ಶೇಕಡಾ 1.5ರಿಂದ 0.8ಕ್ಕೆ ಇಳಿದಿತ್ತು. ಅದು ರೋಬೋಟಿನ ಪವಾಡವಲ್ಲ, ಕಾಗದದ ಒಂದು ಹಾಳೆ. ಯಂತ್ರಕ್ಕೆ ಕೋಟಿಗಳು ಬೇಕು. ಈ ಹಾಳೆಗೆ ದೇವದುರ್ಗದ ತಾಲ್ಲೂಕು ಆಸ್ಪತ್ರೆಯಲ್ಲಿಯೂ ಹಣದ ಅಡ್ಡಿಯಿಲ್ಲ.

2001ರ ಸೆಪ್ಟೆಂಬರಿನಲ್ಲಿ ಜಾಕ್ ಮಾರೆಸ್ಕೋ ಎಂಬ ಫ್ರೆಂಚ್ ವೈದ್ಯರು ನ್ಯೂಯಾರ್ಕಿನಲ್ಲಿ ಕುಳಿತು, ಸ್ಟ್ರಾಸ್‌ಬರ್ಗಿನಲ್ಲಿ ಮಲಗಿದ್ದ ಮಹಿಳೆಯ ಪಿತ್ತಕೋಶವನ್ನು ಯಂತ್ರದ ಮೂಲಕ ತೆಗೆದರು. ಹಾಗಾದರೆ ಬೆಂಗಳೂರಿನ ವೈದ್ಯರು ಮಾನ್ವಿಯ ರೋಗಿಗೆ ಅಲ್ಲಿಂದಲೇ ಚಿಕಿತ್ಸೆ ಮಾಡಲಾರರೆ ಎಂದು ಕೇಳುವವರಿದ್ದಾರೆ. ಆಸೆ ಸಹಜವೇ. ಆದರೆ ಸ್ಟ್ರಾಸ್‌ಬರ್ಗಿನ ಕೊಠಡಿಯಲ್ಲಿ ರೋಗಿಯ ಬಳಿ ನುರಿತ ತಂಡವೊಂದು ನಿಂತೇ ಇದ್ದಿತು. ರಾಯಚೂರಿಗೆ ಏಮ್ಸ್ ಬೇಕೆಂದು 2022ರಲ್ಲಿ ಧರಣಿ ಹೂಡಿದವರ ಬೇಡಿಕೆ ನ್ಯಾಯವಾದುದು; ಅದರ ಹಿಂದೆ ಬೇಕಾಗಿರುವುದು ಕಟ್ಟಡಕ್ಕಿಂತ ಮಿಗಿಲಾಗಿ ಇಂಥ ತಂಡಗಳೇ.

ಉಪಾಧ್ಯಾಯನಾದ ನನ್ನನ್ನು ಕಾಡುವುದು ಇನ್ನೊಂದು ಸಂಗತಿ. ತೆರೆದ ಶಸ್ತ್ರಚಿಕಿತ್ಸೆಗೆ ನಾಲ್ಕು ಕೈ ಬೇಕಾದುದರಿಂದ ಶಿಷ್ಯನು ಹಿಡಿಯುತ್ತ, ಎಳೆಯುತ್ತ ಕಲಿಯುತ್ತಿದ್ದನು. ಯಂತ್ರದ ತೋಳುಗಳನ್ನೆಲ್ಲ ಗುರುವೊಬ್ಬನೇ ನಡೆಸಬಲ್ಲನು. ಅಮೆರಿಕದ ಆಸ್ಪತ್ರೆಗಳಲ್ಲಿ ಮ್ಯಾಥ್ಯೂ ಬೀನ್ ನಡೆಸಿದ ಅಧ್ಯಯನ 2019ರಲ್ಲಿ ಬಂದಿತು: ಹೆಚ್ಚಿನ ಕಿರಿಯ ವೈದ್ಯರು ನೋಡುತ್ತ ನಿಲ್ಲುತ್ತಾರೆ, ಕಲಿಯುವ ಕೆಲವರು ಕಟ್ಟಳೆಯ ಹೊರಗಿನ ದಾರಿ ಹಿಡಿಯುತ್ತಾರೆ. ಎರಡು ಪೀಠಗಳ ಯಂತ್ರಗಳೂ ಈಗ ಇವೆ. ಹಿಡಿತವನ್ನು ಗುರುವಿನಿಂದ ಶಿಷ್ಯನಿಗೆ ಕ್ಷಣದಲ್ಲಿ ದಾಟಿಸಬಹುದು. ಯಾವಾಗ ದಾಟಿಸಬೇಕೆಂಬುದನ್ನು ಮಾತ್ರ ಮೊದಲನೆಯ ಪೀಠದಲ್ಲಿ ಕುಳಿತವರೇ ನಿರ್ಧರಿಸಬೇಕು.