ಹಳಿ ಇದೆ, ರೈಲು ಬಿಡಿ



ಬೆಂಗಳೂರಿನ ಎರಡನೇ ವಿಮಾನ ನಿಲ್ದಾಣ ಕನಕಪುರ ರಸ್ತೆಗೋ ಕುಣಿಗಲ್ ರಸ್ತೆಗೋ ಎಂಬ ಚರ್ಚೆ ಮುಗಿಯುವ ಲಕ್ಷಣ ಕಾಣುತ್ತಿಲ್ಲ. ಯಾವ ಜಾಗ ಗೊತ್ತಾದರೂ ಅಲ್ಲಿಂದ ವಿಮಾನ ಮೇಲೇಳಲು ವರ್ಷಗಳೇ ಬೇಕು. ಅಲ್ಲಿಯವರೆಗೆ ಕೆಂಗೇರಿ, ವಿಜಯನಗರ, ಬಸವೇಶ್ವರನಗರದವರು ದೇವನಹಳ್ಳಿಯ ಈಗಿನ ನಿಲ್ದಾಣ ತಲುಪುವ ಬಗೆ ಹೇಗೆ ಎಂದು ಕೇಳುವವರೇ ಇಲ್ಲ.

ಹುಬ್ಬಳ್ಳಿಗೆ ವಿಮಾನದಲ್ಲಿ ಸುಮಾರು ಒಂದು ಗಂಟೆ ಎನ್ನುತ್ತದೆ ಟಿಕೆಟ್. ಅದನ್ನು ಕೆಂಗೇರಿಯ ಮನೆಬಾಗಿಲಿನಿಂದ ಲೆಕ್ಕ ಹಾಕಿ ನೋಡಿ. ವಿಮಾನ ನಿಲ್ದಾಣವೇ ಐವತ್ತು ಕಿಲೋಮೀಟರ್ ಆಸುಪಾಸು. ನಾಯಂಡಹಳ್ಳಿ, ಸುಮನಹಳ್ಳಿ, ಲಗ್ಗೆರೆ ದಾಟಿ ಗೊರಗುಂಟೆಪಾಳ್ಯಕ್ಕೆ ಬಂದರೆ ತುಮಕೂರು ರಸ್ತೆಯ ಲಾರಿಗಳ ನಡುವೆ ಸಿಗ್ನಲ್ ಮೂರು ಸಲ ಹಸಿರಾದರೂ ಟ್ಯಾಕ್ಸಿ ಕದಲುವುದಿಲ್ಲ. ಡ್ರೈವರ್ ಎಂಜಿನ್ ಆಫ್ ಮಾಡಿ ಮೊಬೈಲ್ ನೋಡುತ್ತಾನೆ, ಹಿಂದೆ ಕೂತವರು ವಾಚು ನೋಡುತ್ತಾರೆ. ಮುಂದೆ ಹೆಬ್ಬಾಳ ಬೇರೆ ಇದೆ. ಸಂಜೆಯಾದರೆ ಎರಡು ಗಂಟೆಯಲ್ಲಿ ತಲುಪಿದವರೇ ಪುಣ್ಯವಂತರು. ಬ್ಯಾಗು ಕೊಡುವ ಕೌಂಟರ್ ವಿಮಾನ ಹೊರಡುವ ಒಂದು ಗಂಟೆ ಮೊದಲೇ ಮುಚ್ಚುವುದರಿಂದ ಎಲ್ಲರೂ ಇನ್ನಷ್ಟು ಮುಂಚೆಯೇ ಹೊರಡುತ್ತಾರೆ. ಹೀಗೆ ಒಂದು ಗಂಟೆಯ ಪ್ರಯಾಣ ಐದು ಗಂಟೆಯಾಗುತ್ತದೆ. ರಾಜಾಜಿನಗರದವರು ಪಕ್ಕದ ಯಶವಂತಪುರದಲ್ಲಿ ಬೆಳಗಿನ ವಂದೇ ಭಾರತ್ ಹತ್ತಿದರೂ ಹುಬ್ಬಳ್ಳಿಗೆ ಹೆಚ್ಚುಕಡಿಮೆ ಅಷ್ಟೇ ಹೊತ್ತು, ಅದೂ ಊರ ನಡುವಿನ ನಿಲ್ದಾಣಕ್ಕೆ!

ಹುಬ್ಬಳ್ಳಿಗಾದರೆ ರೈಲಿದೆ. ದುಬೈಗೆ ದುಡಿಯಲು ಹೊರಟ ಹುಡುಗರಿಗೆ, ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟ ತಾಯಂದಿರಿಗೆ ದೇವನಹಳ್ಳಿ ಬಿಟ್ಟರೆ ಗತಿಯಿಲ್ಲ.

ಉಪನಗರ ರೈಲು ಬರುತ್ತದಲ್ಲ ಎನ್ನಬಹುದು. ಒಟ್ಟು 148 ಕಿಲೋಮೀಟರಿನ ಆ ಯೋಜನೆಗೆ ಕೇಂದ್ರದ ಒಪ್ಪಿಗೆ ಸಿಕ್ಕಿದ್ದು 2020ರಲ್ಲಿ. 2022ರ ಜೂನ್‌ನಲ್ಲಿ ಶಂಕುಸ್ಥಾಪನೆ ಮಾಡಿದ ಪ್ರಧಾನಿಯವರು 40 ತಿಂಗಳ ಮಾತು ಕೊಟ್ಟಿದ್ದರು. ಆ ಗಡುವು ಕಳೆದಿದೆ. ದೇವನಹಳ್ಳಿಗೆ ಹೋಗಬೇಕಾದ ‘ಸಂಪಿಗೆ’ ಮಾರ್ಗವಂತೂ ತೀರಾ ಹಿಂದೆ ಬಿದ್ದಿದೆ. ಜೆ.ಪಿ. ನಗರದಿಂದ ಪಶ್ಚಿಮದ ಹೊರವರ್ತುಲ ರಸ್ತೆಯಲ್ಲೇ ಕೆಂಪಾಪುರಕ್ಕೆ ಸಾಗುವ ಮೆಟ್ರೊ ಮೂರನೇ ಹಂತ ನಮಗೆ ನಿಜಕ್ಕೂ ಅನುಕೂಲದ್ದು, ಆದರೆ ಅದರ ಶಂಕುಸ್ಥಾಪನೆ ಆದದ್ದೇ 2025ರ ಆಗಸ್ಟ್‌ನಲ್ಲಿ.

ಹೊಸದೇನನ್ನೂ ಕಟ್ಟದೆ ಆಗುವ ಕೆಲಸವೊಂದಿದೆ. ವಿಮಾನ ನಿಲ್ದಾಣದ ಹತ್ತಿರ 2021ರ ಜನವರಿಯಿಂದಲೇ ರೈಲು ನಿಲುಗಡೆ ಇದೆ. ಕೆಂಗೇರಿಯಿಂದ ನಾಯಂಡಹಳ್ಳಿ, ಮೆಜೆಸ್ಟಿಕ್, ಮಲ್ಲೇಶ್ವರ, ಯಶವಂತಪುರ, ಯಲಹಂಕದ ಮೇಲೆ ಅಲ್ಲಿಯವರೆಗೂ ಹಳಿ ಇದೆ, ವಿದ್ಯುತ್ ತಂತಿಯೂ ಇದೆ. ಇಲ್ಲದಿರುವುದು ಗಾಡಿ. ಆ ನಿಲುಗಡೆಗೆ ಬರುವ ರೈಲುಗಳು ಬೆರಳೆಣಿಕೆಯಷ್ಟು, ವಿಮಾನದ ಹೊತ್ತಿಗೂ ಅವುಗಳ ಹೊತ್ತಿಗೂ ತಾಳೆಯಾಗುವುದಿಲ್ಲ. ಪ್ರಯಾಣಿಕರೇ ಬರುವುದಿಲ್ಲ ಎಂಬ ಮಾತು ಆಗಾಗ ಕೇಳಿಬರುತ್ತದೆ. ಬೇಕಾದ ಹೊತ್ತಿಗೆ ಗಾಡಿ ಇಲ್ಲದಿದ್ದರೆ ಸೂಟ್‌ಕೇಸ್ ಹಿಡಿದು ಯಾರು ಬಂದಾರು?

ಯಲಹಂಕದಿಂದಾಚೆ ಒಂಟಿ ಹಳಿ ಎಂಬ ಅಡಚಣೆ ನಿಜ. ಆ ಹಳಿಯನ್ನು ಜೋಡಿ ಮಾಡುವ ಕೆಲಸಕ್ಕೆ ನಮ್ಮ ಸಂಸದರು ಬೆನ್ನು ಬೀಳಲಿ. ಅಷ್ಟರೊಳಗೆ ನೈಋತ್ಯ ರೈಲ್ವೆಯವರು ಕೆಂಗೇರಿಯಿಂದ ಬೆಳಗಿನ ಜಾವ ಎರಡು, ಸಂಜೆ ಎರಡು ಮೆಮು ರೈಲನ್ನಾದರೂ ವಿಮಾನ ನಿಲ್ದಾಣದವರೆಗೆ ಓಡಿಸಲಿ. ಪ್ರತಿ ರೈಲಿಗೂ ನಿಲುಗಡೆಯಿಂದ ಟರ್ಮಿನಲ್‌ಗೆ ಬಸ್ಸು ಕಾದಿರಲಿ. ಆರು ತಿಂಗಳು ನಡೆಸಿ, ಎಷ್ಟು ಜನ ಹತ್ತಿದರು ಎಂಬ ಲೆಕ್ಕವನ್ನು ಪ್ರಕಟಿಸಲಿ.

– ಒಬ್ಬ ಓದುಗ, ವಿಜಯನಗರ, ಬೆಂಗಳೂರು